ಬಣ್ಣಕ್ಕಿಂತ ಮೊದಲು ಭಂಗಿ ನೋಡಿ

ಮಳೆಗಾಲ ಮುಗಿಯುವ ಹೊತ್ತಿಗೆ ಘೋಡಗೇರಿಯಂಥ ಊರುಗಳಲ್ಲಿ ಕಬ್ಬಿನ ಹೊಲದ ಬದು, ಹಿತ್ತಲ ಬೇಲಿ, ಅಂಗಳದ ದಾಸವಾಳದ ಮೇಲೆಲ್ಲ ಚಕ್ರದಂಥ ಬಲೆಗಳು ಕಾಣಿಸತೊಡಗುತ್ತವೆ. ನಡುವೆ ಹಳದಿ, ಬಿಳಿ, ಕಂದು ಪಟ್ಟಿಗಳ ಜೇಡ. ಇಷ್ಟು ಬಣ್ಣವಿದ್ದ ಮೇಲೆ ವಿಷದ್ದೇ ಇರಬೇಕೆಂದು ಕಸಬರಿಗೆ ಎತ್ತುವವರೇ ಹೆಚ್ಚು.

ಹೆಸರು ಹಚ್ಚುವ ಮುನ್ನ ಅದು ಕೂತ ಭಂಗಿ ಗಮನಿಸಿ. ತಲೆ ಕೆಳಗೆ, ಎಂಟು ಕಾಲುಗಳನ್ನು ಎರಡೆರಡು ಜೋಡಿಸಿ ಗುಣಾಕಾರ ಚಿಹ್ನೆಯಂತೆ ಚಾಚಿಕೊಂಡಿದ್ದರೆ ಅದು ಆರ್ಜಿಯೋಪ್ ಕುಲದ್ದು. ದೂರದಿಂದ ನಾಲ್ಕೇ ಕಾಲಿವೆ ಅನಿಸುತ್ತದೆ. ಬಲೆಯ ಮಧ್ಯೆ ದಪ್ಪ ಬಿಳಿ ನೂಲಿನ ಅಂಕುಡೊಂಕು ಗೆರೆಗಳೂ ಇದ್ದರೆ ಅನುಮಾನವೇ ಬೇಡ. ಸಹಿ ಹಾಕಿದಂತಿರುವ ಈ ಗೆರೆಗಳಿಂದಲೇ ಇದಕ್ಕೆ ಸಿಗ್ನೇಚರ್ ಸ್ಪೈಡರ್ ಎಂಬ ಹೆಸರು. ಭಾರತದಲ್ಲಿ ಸಾಮಾನ್ಯವಾದ ಆರ್ಜಿಯೋಪ್ ಅನಸೂಜವನ್ನು 1887ರಲ್ಲಿ ವಿವರಿಸಿದವರು ಸ್ವೀಡನ್ನಿನ ಥೊರೆಲ್. ನಮ್ಮ ಕಣ್ಣಿಗೆ ಬೀಳುವುದು ಸುಮಾರು ಒಂದು ಸೆಂಟಿಮೀಟರ್ ಉದ್ದದ ಹೆಣ್ಣು. ಗಂಡು ಅದರ ಅರ್ಧದಷ್ಟೂ ಇರುವುದಿಲ್ಲ.

ಬಲೆ ಹೊನ್ನಿನ ಬಣ್ಣಕ್ಕೆ ಹೊಳೆಯುತ್ತ, ಜೇಡದ ಮೈ ನೀಳವಾಗಿ ಬೆರಳುದ್ದ ಕಾಲುಗಳಿದ್ದರೆ ಅದು ನೆಫಿಲಾ. ಬೆನ್ನು ಚಿಪ್ಪಿನಂತೆ ಗಟ್ಟಿಯಾಗಿ ಅಂಚಿನಲ್ಲಿ ಮುಳ್ಳುಗಳಿದ್ದರೆ ಗ್ಯಾಸ್ಟರಕಾಂತ. ಸಂಜೆ ಬಲೆ ನೇಯ್ದು ಹಗಲು ಎಲೆಯ ಮರೆಯಲ್ಲಿ ಅಡಗುವ ಕಂದು ಜೇಡ ನಿಯೊಸ್ಕೋನ ಇರಬಹುದು.

ಬೇಟೆಯ ವರಸೆಯೂ ಗುರುತು ಹೇಳುತ್ತದೆ. ಮಿಡತೆ ಬಲೆಗೆ ಬಿದ್ದರೆ ಆರ್ಜಿಯೋಪ್ ನುಗ್ಗಿ ಹೋಗಿ, ಹೊಟ್ಟೆಯ ತುದಿಯಿಂದ ಅಗಲ ಪಟ್ಟಿಯಂತೆ ಹೊಮ್ಮುವ ನೂಲನ್ನು ಹಿಂಗಾಲಿನಿಂದ ಎಳೆದೆಳೆದು ಎಸೆಯುತ್ತದೆ. ಒದೆಯುವ ಕಾಲುಗಳು ಕಟ್ಟಿಹೋದ ಮೇಲಷ್ಟೇ ಕಚ್ಚುತ್ತದೆ. ಆದರೆ ಚಿಟ್ಟೆ, ಪತಂಗ ಬಿದ್ದರೆ ಮೊದಲೇ ಕಚ್ಚುತ್ತದೆ. ಅವುಗಳ ರೆಕ್ಕೆಯ ಹುಡಿ ಉದುರಿ ಅಂಟಿಗೆ ಮೆತ್ತಿಕೊಳ್ಳುವುದರಿಂದ, ತಡಮಾಡಿದರೆ ಬೇಟೆ ಜಾರಿಹೋಗುತ್ತದೆ. ನೆಫಿಲಾ ಯಾವ ಬೇಟೆಗೂ ಕಚ್ಚುವುದೇ ಮೊದಲು.

ಆರ್ಜಿಯೋಪ್ ಬಲೆಯ ಆ ಬಿಳಿ ಗೆರೆ ಏಕೆ? ಬಲೆಗೆ ಬಿಗಿ ಕೊಡಲೆಂದು ಹಿಂದೆ ನಂಬಿದ್ದರು. ಅದು ನೇರಳಾತೀತ ಬೆಳಕನ್ನು ಪ್ರತಿಫಲಿಸಿ ಕೀಟಗಳನ್ನು ಸೆಳೆಯುತ್ತದೆ ಎಂದು ಕೆಲವರು, ಹಕ್ಕಿಗಳು ಬಲೆಗೆ ಡಿಕ್ಕಿ ಹೊಡೆಯದಂತೆ ಎಚ್ಚರಿಸುತ್ತದೆ ಎಂದು ಇನ್ನು ಕೆಲವರು ವಾದಿಸುತ್ತಾರೆ. ಚರ್ಚೆ ಇನ್ನೂ ಮುಗಿದಿಲ್ಲ.

ಆರ್ಜಿಯೋಪ್ ಮನುಷ್ಯರ ಮೇಲೆ ಏರಿ ಬರುವ ಪ್ರಾಣಿಯಲ್ಲ. ಬಲೆ ಮುಟ್ಟಿದರೆ ಮೈ ಜೋರಾಗಿ ಅಲುಗಿಸುತ್ತದೆ, ಇಲ್ಲವೆ ನೂಲು ಹಿಡಿದು ಕೆಳಗಿಳಿಯುತ್ತದೆ. ಕೈಯಲ್ಲಿ ಅದುಮಿದರೆ ಕಚ್ಚೀತು. ಆ ನೋವು ಸಾಮಾನ್ಯವಾಗಿ ಬೇಗ ಇಳಿಯುತ್ತದೆ. ಓಡಾಡುವ ದಾರಿಗೆ ಬಲೆ ಅಡ್ಡವಿದ್ದರೆ ಕೋಲಿನಿಂದ ಜೇಡವನ್ನು ಪಕ್ಕದ ಗಿಡಕ್ಕೆ ದಾಟಿಸಿದರೆ ಸಾಕು.

ಹೆಸರು ತಿಳಿಯುವ ಆಸೆಯಿದ್ದರೆ ಮೊಬೈಲಿನಲ್ಲಿ ಬೆನ್ನಿನದೊಂದು, ಹೊಟ್ಟೆಯದೊಂದು, ಇಡೀ ಬಲೆಯದೊಂದು ಫೋಟೊ ತೆಗೆಯಿರಿ. ಇಷ್ಟರಿಂದ ಕುಲ ಖಚಿತವಾಗುತ್ತದೆ. ತೀರಾ ಹತ್ತಿರದ ಪ್ರಭೇದಗಳನ್ನು ಬೇರ್ಪಡಿಸಲು ತಜ್ಞರೂ ಜನನಾಂಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಲೇಬೇಕು. ಬೆನ್ನಿನ ಬಣ್ಣವೊಂದನ್ನೇ ನಂಬಿ ಅವರೂ ಹೆಸರು ಹೇಳುವುದಿಲ್ಲ.