ಹಳೆಯ ಕತೆಗೆ ಹೊಸ ಹುಟ್ಟು

ಶಾಲೆಯಲ್ಲಿ ಕಥಾಸ್ಪರ್ಧೆಯ ಸೂಚನೆ ಬಂದ ಕೂಡಲೇ ಹುಡುಗರಿಗಿಂತ ಹೆಚ್ಚು ಕಂಗಾಲಾಗುವವರು ಪಾಲಕರು. ‘ಸರ, ಹೊಸಾ ಕತಿ ಎಲ್ಲಿಂದ ತರೂದ್ರೀ? ಇದ್ದಬಿದ್ದ ಕತಿ ಎಲ್ಲಾ ಯಾರರೆ ಬರದ ಬಿಟ್ಟಾರ’ ಎಂದು ಅವರು ಕೇಳುವ ಪ್ರಶ್ನೆಯಲ್ಲಿ ಹುರುಳಿಲ್ಲವೆಂದಲ್ಲ. ಕೊನೆಗೆ ಅಣ್ಣನ ಮೊಬೈಲಿನಿಂದ ಒಂದು ಕತೆ ಇಳಿಯುತ್ತದೆ. ರಾಜು ಹೋಗಿ ರವಿ ಬರುತ್ತಾನೆ, ರಾಮಪುರ ಹೋಗಿ ಭೀಮಪುರ ಬರುತ್ತದೆ. ಅಕ್ಷರ ದುಂಡಗಿದ್ದರೆ ಬಹುಮಾನವೂ ಬರುತ್ತದೆ!

ಇದಕ್ಕಿಂತ ಹೆಚ್ಚು ಕಳವಳದ ಸಂಗತಿ ಇನ್ನೊಂದಿದೆ. ನಕಲು ಮಾಡಲು ಮನಸ್ಸಿಲ್ಲದ ಪ್ರಾಮಾಣಿಕ ಮಗು ‘ನನಗೆ ಕಲ್ಪನಾಶಕ್ತಿ ಇಲ್ಲ’ ಎಂದು ತೀರ್ಮಾನಿಸಿ ಪೆನ್ನು ಕೆಳಗಿಡುತ್ತದೆ. ಹನ್ನೆರಡನೆಯ ವಯಸ್ಸಿನಲ್ಲಿ ಕೆಳಗಿಟ್ಟ ಪೆನ್ನನ್ನು ಮತ್ತೆ ಎತ್ತಿಕೊಳ್ಳುವವರು ಕಡಿಮೆ. ಈ ಎರಡೂ ತೊಂದರೆಗಳ ಬೇರು ಒಂದೇ: ಸ್ವಂತ ಕತೆ ಎಂದರೆ ಯಾರೂ ಎಂದೂ ಕೇಳಿರದ ವಿಷಯ ಎಂಬ ತಪ್ಪು ತಿಳಿವಳಿಕೆ.

ಕಾಗೆಯ ನಂತರ ಬಂದ ಗುಬ್ಬಿ

ಕೆಲವು ವರ್ಷಗಳ ಹಿಂದೆ ಇಂಥದೊಂದು ಸ್ಪರ್ಧೆಯ ಮೂವರು ತೀರ್ಪುಗಾರರಲ್ಲಿ ನಾನೂ ಒಬ್ಬನಾಗಿದ್ದೆ. ಏಳನೆಯ ತರಗತಿಯ ಹುಡುಗಿಯೊಬ್ಬಳು ಬಾಯಾರಿದ ಕಾಗೆಯ ಕತೆ ಬರೆದಿದ್ದಳು. ಮೊದಲ ಅರ್ಧ ಪುಟ ನಮಗೆಲ್ಲ ಗೊತ್ತಿದ್ದದ್ದೇ. ಕಾಗೆ ಕೊಡದಲ್ಲಿ ಕಲ್ಲು ಹಾಕಿತು, ನೀರು ಮೇಲೆ ಬಂತು, ಕುಡಿದು ಹಾರಿಹೋಯಿತು. ಅವಳ ಕತೆ ಶುರುವಾದದ್ದು ಅಲ್ಲಿಂದ. ಕಾಗೆ ಹೋದ ಮೇಲೆ ಗುಬ್ಬಿಯೊಂದು ಬರುತ್ತದೆ. ಕೊಡದ ಬಾಯಿಯ ತನಕ ಕಲ್ಲು. ನೀರು ಕಲ್ಲುಗಳ ಸಂದಿಯಲ್ಲಿ ಕೆಳಗಿಳಿದಿದೆ. ಇನ್ನೊಂದು ಹರಳು ಹಾಕಲು ಜಾಗವಿಲ್ಲ. ಒಳಗಿನ ಕಲ್ಲು ಎತ್ತಲು ಗುಬ್ಬಿಗೆ ಶಕ್ತಿಯಿಲ್ಲ. ಅದು ಕೊಡದ ಅಂಚಿನ ಮೇಲೆ ಕುಳಿತು, ಕಲ್ಲು ತೆಗೆಯುವವರು ಯಾರಾದರೂ ಬಂದಾರೇ ಎಂದು ದಾರಿ ನೋಡುತ್ತದೆ.

‘ಇದು ಎಲ್ಲರಿಗೂ ಗೊತ್ತಿರುವ ಕತೆ, ಸ್ವಂತದ್ದಲ್ಲ’ ಎಂದು ಉಳಿದಿಬ್ಬರು ಅದನ್ನು ಬದಿಗಿಟ್ಟರು. ನನ್ನ ಮಾತು ನಡೆಯಲಿಲ್ಲ.

ವಿಜ್ಞಾನದ ಲೆಕ್ಕದಲ್ಲೂ ಆ ಹುಡುಗಿ ಬರೆದದ್ದು ಸರಿ. ಒಂದೇ ಅಳತೆಯ ಹರಳುಗಳನ್ನು ಗಾಜಿನ ಲೋಟದಲ್ಲಿ ತುಂಬಿದರೆ ನಡುವೆ ಉಳಿಯುವ ಸಂದಿಗಳೇ ಒಟ್ಟು ಜಾಗದ ಸುಮಾರು ಐದರಲ್ಲಿ ಎರಡು ಪಾಲು ಇರುತ್ತವೆ. ಮೊದಲಿದ್ದ ನೀರು ಇದಕ್ಕಿಂತ ಕಡಿಮೆಯಾಗಿದ್ದರೆ ಎಷ್ಟೇ ಕಲ್ಲು ಹಾಕಿದರೂ ಅದು ಅಂಚಿಗೆ ಬರುವುದಿಲ್ಲ. ಮನೆಯಲ್ಲೇ ಪರೀಕ್ಷಿಸಬಹುದು. ಕತೆಯ ಲೆಕ್ಕದಲ್ಲಿ ನೋಡಿದರೂ ಅಷ್ಟೇ: ಕಾಗೆಯ ಜಾಣ್ಮೆಯನ್ನು ಹೊಗಳುತ್ತ ಬಂದ ನಾವು ಅದರ ನಂತರ ಬಂದವರ ಪಾಡೇನು ಎಂದು ಕೇಳಿರಲಿಲ್ಲ. ಒಬ್ಬರ ಬೋರ್‌ವೆಲ್ ಆಳಕ್ಕಿಳಿದಂತೆ ಪಕ್ಕದವರ ತೆರೆದ ಬಾವಿ ಬತ್ತುವುದನ್ನು ಕಂಡ ನಮ್ಮ ಭಾಗದ ರೈತನಿಗೆ ಈ ಗುಬ್ಬಿ ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ.

ಹಳೆಯ ಕತೆ ಎಂಬ ಒಂದೇ ಕಾರಣಕ್ಕೆ ಇದು ಸ್ವಂತದ್ದಲ್ಲವಾದರೆ, ಕನ್ನಡದ ಎಷ್ಟೋ ದೊಡ್ಡ ಕೃತಿಗಳನ್ನೂ ಹೊರಗಿಡಬೇಕಾಗುತ್ತದೆ. ಬೇರೆಲ್ಲಿಗೂ ಹೋಗುವುದು ಬೇಡ. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸುತ್ತಮುತ್ತಲೇ ನೋಡೋಣ.

ರನ್ನ ಎಲ್ಲಿಂದ ಹೊರಟ?

ನೆರೆಯ ಮುಧೋಳದ ರನ್ನನಿಂದ ಆರಂಭಿಸಬಹುದು. ಅವನು ‘ಗದಾಯುದ್ಧ’ ಬರೆಯುವ ಹೊತ್ತಿಗೆ ಮಹಾಭಾರತ ಹೊಸ ಕತೆಯೇನಲ್ಲ. ವ್ಯಾಸರದು ಇತ್ತು; ಕನ್ನಡದಲ್ಲೇ ಪಂಪ 941ರಲ್ಲಿ ಅರ್ಜುನನನ್ನು ನಾಯಕನನ್ನಾಗಿಸಿ ಇಡೀ ಭಾರತವನ್ನು ಹೇಳಿ ಮುಗಿಸಿದ್ದ. ಇನ್ನು ಉಳಿದದ್ದೇನು ಎಂದು ರನ್ನ ಕೈಚೆಲ್ಲಲಿಲ್ಲ. ಯುದ್ಧದ ಕೊನೆಯ ಭಾಗವನ್ನು, ಭೀಮ ದುರ್ಯೋಧನರ ಗದಾಯುದ್ಧವನ್ನು ಮಾತ್ರ ಎತ್ತಿಕೊಂಡ. ಸಿಂಹ ನಡೆಯುತ್ತ ಹಿಂದಿರುಗಿ ನೋಡುವಂತೆ, ಅಲ್ಲಿಂದಲೇ ಹಿಂದಿನ ಕತೆಯನ್ನೆಲ್ಲ ತಿರುಗಿ ನೋಡಿದ. ಇದಕ್ಕೆ ‘ಸಿಂಹಾವಲೋಕನ ಕ್ರಮ’ ಎಂದು ಹೆಸರು.

ಈ ಒಂದು ಆಯ್ಕೆಯಿಂದ ಏನಾಯಿತು ನೋಡಿ. ಕಾವ್ಯದ ನಾಯಕ ಭೀಮನೇ. ಆದರೆ ಸತ್ತ ಗುರು, ತಮ್ಮ, ಗೆಳೆಯ, ಮಗ ಇವರ ಶವಗಳ ನಡುವೆ ರಣರಂಗದಲ್ಲಿ ಒಬ್ಬನೇ ನಡೆಯುವ ದುರ್ಯೋಧನನನ್ನು ಕಂಡ ಓದುಗ ಅವನನ್ನು ಬರೀ ದುಷ್ಟನೆಂದು ತಳ್ಳಿಹಾಕಲಾರ. ಘಟನೆಗಳು ಹಳೆಯವೇ, ಹೊರಟ ಜಾಗ ಮಾತ್ರ ಬೇರೆ.

ಕುಲಗೋಡದ ಅಂಗಳಕ್ಕೆ ಬಂದ ಪಾರಿಜಾತ

ಎರಡನೆಯ ಉದಾಹರಣೆ ಶ್ರೀಕೃಷ್ಣ ಪಾರಿಜಾತ. ನಾರದ ತಂದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಟ್ಟ, ಸತ್ಯಭಾಮೆ ಮುನಿದಳು ಎಂಬುದು ಪುರಾಣದ ಕತೆ. ಇದನ್ನು ಬಳಸಿಕೊಂಡವರು ಅನೇಕರು. ವಿಜಯನಗರದ ಕೃಷ್ಣದೇವರಾಯನ ಆಸ್ಥಾನದ ತೆಲುಗು ಕವಿ ನಂದಿ ತಿಮ್ಮನ ಇದರಿಂದ ರಾಜಾಂತಃಪುರದ ಪ್ರೌಢ ಕಾವ್ಯ ಮಾಡಿದ. ಕನ್ನಡದಲ್ಲಿ ರಾಯಚೂರು ಕಡೆಯ ಅಪರಾಳ ತಮ್ಮಣ್ಣ ಇದನ್ನು ಆಟವಾಗಿ ರಚಿಸಿದ. ಅದನ್ನು ಜನಸಾಮಾನ್ಯರ ಬಯಲಾಟವಾಗಿ ಬೆಳೆಸಿದ ಕೀರ್ತಿ ಕುಲಗೋಡ ತಮ್ಮಣ್ಣನದು. ಹಿಂದೆ ಗೋಕಾಕ ತಾಲೂಕಿನಲ್ಲಿದ್ದ ಕುಲಗೋಡ ಈಗ ಮೂಡಲಗಿ ತಾಲೂಕಿಗೆ ಸೇರಿದೆ.

ಕುಲಗೋಡದ ಪಾರಿಜಾತದಲ್ಲಿ ಇಂದ್ರನೊಡನೆ ಕಾದಾಟ ಮುಖ್ಯವಲ್ಲ, ಮನೆಯೊಳಗಿನ ಜಗಳ ಮುಖ್ಯ. ಇಬ್ಬರು ಹೆಂಡಿರ ನಡುವೆ ಸಿಕ್ಕ ಕೃಷ್ಣ ದೇವರೂ ಹೌದು, ಊರಿನ ಯಾವುದೋ ಮನೆಯ ಯಜಮಾನನೂ ಹೌದು. ಹಾಲು ಮಾರುವ ಗೊಲ್ಲತಿ ಬರುತ್ತಾಳೆ. ಕೃಷ್ಣನೇ ಕೊರವಂಜಿಯ ವೇಷದಲ್ಲಿ ಸತ್ಯಭಾಮೆಗೆ ಕಣಿ ಹೇಳುತ್ತಾನೆ. ಭಾಗವತ ಮತ್ತು ದೂತಿ ಆಡುಮಾತಿನಲ್ಲಿ ಚೇಷ್ಟೆ ಮಾಡುತ್ತ ದೊಡ್ಡವರ ಡಂಭವನ್ನು ಬಯಲಿಗೆಳೆಯುತ್ತಾರೆ. ಕೌಜಲಗಿ ನಿಂಗಮ್ಮನಂಥ ಕಲಾವಿದೆಯರಿಂದ ಈ ಆಟ ಮನೆಮಾತಾಯಿತು. ದ್ವಾರಕೆ ನಮ್ಮೂರ ಅಂಗಳಕ್ಕೆ ಬಂದದ್ದರಿಂದಲೇ ಜನ ಬೆಳತನಕ ಕುಳಿತು ನೋಡಿದರು. ಇಲ್ಲಿ ಬದಲಾದದ್ದು ಪಾತ್ರಗಳ ಮಾತು ಮತ್ತು ಅವರು ಬದುಕುವ ಮನೆ.

ಜೋಕುಮಾರನಿಗೆ ಕೇಳಿದ ಪ್ರಶ್ನೆ

ಮೂರನೆಯದು ಹುಕ್ಕೇರಿ ತಾಲೂಕಿನ ಘೋಡಗೇರಿಯದು. 2010ನೇ ಸಾಲಿನ ಜ್ಞಾನಪೀಠ ಪ್ರಶಸ್ತಿ ಪಡೆದ ಚಂದ್ರಶೇಖರ ಕಂಬಾರರು 1937ರಲ್ಲಿ ಹುಟ್ಟಿದ್ದು ಈ ಊರಲ್ಲಿ. ಭಾದ್ರಪದದಲ್ಲಿ ಗಣಪತಿ ಹೋದ ಮೇಲೆ ಬರುವ ಜೋಕುಮಾರನನ್ನು ನಮ್ಮ ಕಡೆಯ ಮಕ್ಕಳೆಲ್ಲ ನೋಡಿದ್ದಾರೆ. ಬೇವಿನ ಸೊಪ್ಪಿನ ಬುಟ್ಟಿಯಲ್ಲಿ, ಬಾಯಿಗೆ ಬೆಣ್ಣೆ ಬಳಿದ ಮಣ್ಣಿನ ಮೂರ್ತಿಯನ್ನು ಹೊತ್ತು ಹೆಣ್ಣುಮಕ್ಕಳು ಮನೆಮನೆಗೆ ಹಾಡುತ್ತ ಬರುತ್ತಾರೆ. ಗಣಪತಿ ತಾನುಂಡ ಕಡುಬಿನ ಸುದ್ದಿ ಹೇಳಿದರೆ, ಜೋಕುಮಾರ ಬಡವರ ಕಷ್ಟವನ್ನೂ ಮಳೆಯಿಲ್ಲದ್ದನ್ನೂ ಶಿವನಿಗೆ ಮುಟ್ಟಿಸುತ್ತಾನೆಂಬುದು ಜನರ ನಂಬಿಕೆ. ಕೆಲವೇ ದಿನ ಬಾಳಿ ಸಾಯುವ ದೇವರು ಇವನು.

ಈ ಆಚರಣೆಯನ್ನು ಕಂಬಾರರು ಹಾಗೇ ವರ್ಣಿಸಿದ್ದರೆ ಅದೊಂದು ಒಳ್ಳೆಯ ಲೇಖನವಾಗುತ್ತಿತ್ತು. ಅವರು ಅದಕ್ಕೆ ಒಂದು ಪ್ರಶ್ನೆ ಕೇಳಿದರು: ಭೂಮಿಗೆ ಫಲ ಕೊಡುವ ಈ ದೇವರು ಇಂದು ಹುಟ್ಟಿಬಂದರೆ ಯಾರಾಗಿರುತ್ತಾನೆ? 1972ರ ‘ಜೋಕುಮಾರಸ್ವಾಮಿ’ ನಾಟಕದಲ್ಲಿ ಮಕ್ಕಳಿಲ್ಲದ ಗೌಡತಿ ಗಂಡನಿಗೆಂದು ಒಯ್ದ ಪ್ರಸಾದ ಉಳುವ ಬಸಣ್ಣನ ಪಾಲಾಗುತ್ತದೆ. ಹೊಲ ಯಾರದು? ದರ್ಪದಿಂದ ಹಿಡಿದಿಟ್ಟುಕೊಂಡ ಗೌಡನದೋ, ಬೆವರು ಸುರಿಸಿದವನದೋ? ಜೋಕುಮಾರನಂತೆ ಬಸಣ್ಣನೂ ಕೊನೆಗೆ ಕೊಲೆಯಾಗುತ್ತಾನೆ. ಗೇಣಿದಾರರಿಗೆ ಭೂಮಿಯ ಹಕ್ಕು ಕೊಡುವ ತಿದ್ದುಪಡಿ ರಾಜ್ಯದಲ್ಲಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಅದಕ್ಕೂ ಮೊದಲೇ ಒಂದು ಹಳೆಯ ಹಬ್ಬ ರಂಗದ ಮೇಲೆ ಈ ಪ್ರಶ್ನೆ ಎತ್ತಿತ್ತು!

ಒಂದೇ ಹಾವು, ಎರಡು ನಾಟಕ

ಹಾವು ಗಂಡಿನ ರೂಪದಲ್ಲಿ ಹೆಣ್ಣಿನ ಬಳಿ ಬರುವ ಜನಪದ ಕತೆಗಳು ನಮ್ಮಲ್ಲಿ ಹಲವು. ಗಿರೀಶ ಕಾರ್ನಾಡರು ಎ. ಕೆ. ರಾಮಾನುಜನ್ ಅವರಿಂದ ಕೇಳಿದ ಕತೆಗಳನ್ನು ಆಧರಿಸಿ 1988ರಲ್ಲಿ ‘ನಾಗಮಂಡಲ’ ಬರೆದರು. ಅಲ್ಲಿ ಹಾವು ಹೊರಗಿನದು. ಹೆಂಡತಿಯನ್ನು ಮನೆಯಲ್ಲಿ ಕೂಡಿಹಾಕುವ ಗಂಡನ ರೂಪ ತಾಳಿ ಅದು ಬರುತ್ತದೆ. ಜೊತೆಗೆ, ಯಾರೂ ಹೇಳದೆ ಉಳಿದ ಕತೆಯೇ ಹೆಣ್ಣಾಗಿ ಬಂದು ತನ್ನನ್ನು ತಾನು ಹೇಳಿಕೊಳ್ಳುತ್ತದೆ.

ಕಂಬಾರರ ‘ಸಿರಿಸಂಪಿಗೆ’ಗೆ 1991ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಲ್ಲಿಯೂ ಹಾವಿದೆ. ಆದರೆ ಅದು ತನ್ನನ್ನು ಎರಡು ಹೋಳು ಮಾಡಿಸಿಕೊಂಡ ರಾಜಕುಮಾರನದೇ ಒಂದು ಅರ್ಧ. ಮೊದಲನೆಯ ನಾಟಕ ಹೆಣ್ಣಿನ ಒಂಟಿತನದ ಕಡೆಗೆ ಹೊರಳಿದರೆ, ಎರಡನೆಯದು ಮನುಷ್ಯ ತನ್ನೊಳಗೇ ಒಡೆದುಹೋಗುವ ಸಂಕಟದ ಕಡೆಗೆ ಹೊರಳುತ್ತದೆ. ಅಂಟು, ಬೆಲ್ಲ, ಒಣಕೊಬ್ಬರಿ ಎಲ್ಲ ಪೇಟೆಯಲ್ಲೂ ಒಂದೇ. ಆದರೂ ಗೋಕಾಕದ ಕರದಂಟಿನ ರುಚಿ ಬೇರೆ, ಅಮೀನಗಡದ್ದು ಬೇರೆ. ಎರಡನ್ನೂ ತಿಂದವರು ಒಂದು ಇನ್ನೊಂದರ ನಕಲು ಎನ್ನುವುದಿಲ್ಲ.

ನಕಲು ಯಾವುದು, ಸ್ವಂತದ್ದು ಯಾವುದು?

ಪ್ರಯೋಗಾಲಯದಲ್ಲಿ ನಾವು ಉಳಿದದ್ದನ್ನೆಲ್ಲ ಹಾಗೇ ಇಟ್ಟು ಒಂದನ್ನು ಮಾತ್ರ ಬದಲಿಸಿ, ಫಲಿತಾಂಶ ಬದಲಾಯಿತೇ ಎಂದು ನೋಡುತ್ತೇವೆ. ಕತೆಗೂ ಇದೇ ಪರೀಕ್ಷೆ ಸಾಕು. ರಾಜುವನ್ನು ರವಿ ಮಾಡಿದಾಗ ಉಳಿದದ್ದೇನೂ ಅಲುಗಾಡದಿದ್ದರೆ ಅದು ನಕಲು. ಗುಬ್ಬಿ ಬಂದ ಕೂಡಲೇ ಕಾಗೆಯ ಗುಣ, ಕತೆಯ ಕೊನೆ, ನೀತಿ ಎಲ್ಲವೂ ಬದಲಾದರೆ ಅದು ಸ್ವಂತ ಕತೆ. ಇದ್ದಿಲು, ಪೆನ್ಸಿಲಿನ ಗ್ರಾಫೈಟ್, ವಜ್ರ ಇವೆಲ್ಲ ಬಹುತೇಕ ಇಂಗಾಲವೇ. ವಜ್ರವೂ ಇಂಗಾಲವೆಂದು ಸ್ಮಿತ್ಸನ್ ಟೆನೆಂಟ್ ಎಂಬ ಇಂಗ್ಲಿಷ್ ವಿಜ್ಞಾನಿ 1797ರಲ್ಲಿ ಅದನ್ನು ಸುಟ್ಟು ತೋರಿಸಿದ. ಪರಮಾಣುಗಳ ಜೋಡಣೆ ಬೇರೆಯಾದದ್ದರಿಂದ ಒಂದು ಕಾಗದದ ಮೇಲೆ ಸವೆಯುತ್ತದೆ, ಇನ್ನೊಂದು ಗಾಜನ್ನು ಕೊಯ್ಯುತ್ತದೆ. ಪರಮಾಣುವಿಗೆ ತನ್ನ ಜೋಡಣೆಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿಲ್ಲ. ಬರೆಯುವವನಿಗೆ ಅದು ಇದೆ.

ಈ ಸ್ವಾತಂತ್ರ್ಯದೊಡನೆ ಒಂದು ಕರ್ತವ್ಯವೂ ಇದೆ. ಕತೆಯ ಮೂಲ ಎಲ್ಲಿಯದೆಂದು ಗೊತ್ತಿದ್ದರೆ ಹೇಳಬೇಕು. ಕಾರ್ನಾಡರು ತಾವು ಕತೆ ಕೇಳಿದ್ದು ಯಾರಿಂದ ಎಂದು ತಿಳಿಸಿದರು. ಅದರಿಂದ ಅವರ ನಾಟಕದ ಬೆಲೆ ಕಡಿಮೆಯಾಗಲಿಲ್ಲ. ‘ಅಜ್ಜಿ ಹೇಳಿದ ಕತೆಯಿಂದ’ ಎಂದು ಬರೆಯಲು ಮಕ್ಕಳು ನಾಚಬೇಕಾಗಿಲ್ಲ. ಅದನ್ನು ಓದಿದ ತೀರ್ಪುಗಾರರೂ ಅಂಕ ಕಳೆಯಬೇಕಾಗಿಲ್ಲ.

ಮನೆಯಲ್ಲಿ ಮಾಡಿ ನೋಡಿ

ವಿದ್ಯಾರ್ಥಿಗಳೇ, ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಕತೆ ತೆಗೆದುಕೊಳ್ಳಿ. ಅದಕ್ಕೆ ಈ ನಾಲ್ಕು ಪ್ರಶ್ನೆ ಕೇಳಿ. ರನ್ನನಂತೆ: ಕತೆಯನ್ನು ಬೇರೆ ಎಲ್ಲಿಂದ ಆರಂಭಿಸಬಹುದು? ಕುಲಗೋಡ ತಮ್ಮಣ್ಣನಂತೆ: ಇದು ನಮ್ಮ ಓಣಿಯಲ್ಲಿ ನಡೆದರೆ ಯಾರು ಹೇಗೆ ಮಾತಾಡುತ್ತಾರೆ? ಕಂಬಾರರಂತೆ: ಇದರಲ್ಲಿ ಯಾರೂ ಕೇಳದೆ ಬಿಟ್ಟ ಪ್ರಶ್ನೆ ಯಾವುದು? ಕಾರ್ನಾಡರಂತೆ: ಮಾತಾಡದೆ ಉಳಿದವರು ಯಾರು, ಅವರಿಗೆ ಬಾಯಿ ಬಂದರೆ ಏನು ಹೇಳುತ್ತಾರೆ?

ಆಮೆ ಮೊಲದ ಓಟವನ್ನು ಮಳೆಗಾಲದ ಘಟಪ್ರಭೆಯ ದಂಡೆಗೆ ತನ್ನಿ. ನಡುವೆ ಹೊಳೆ ಬಂದರೆ ಈಜು ಬಲ್ಲ ಆಮೆ ಮೊಲಕ್ಕಾಗಿ ನಿಲ್ಲುತ್ತದೆಯೇ, ಬಿಟ್ಟು ಹೋಗುತ್ತದೆಯೇ? ನಾಲ್ಕರಲ್ಲಿ ಒಂದೇ ಪ್ರಶ್ನೆಗೆ ಉತ್ತರ ಸಿಕ್ಕರೂ ಸಾಕು. ಅದರ ಹಿಂದೆ ಏನೇನು ಬದಲಾಗಬೇಕೆಂದು ಕತೆಯೇ ನಿಮ್ಮನ್ನು ಕೇಳತೊಡಗುತ್ತದೆ.

ಪಾಲಕರ ಕೆಲಸ ಕತೆ ಹುಡುಕಿಕೊಡುವುದಲ್ಲ. ರಾತ್ರಿ ಊಟವಾದ ಮೇಲೆ ನಿಮಗೆ ನೆನಪಿರುವ ಒಂದು ಕತೆ ಹೇಳಿ, ಮುಗಿಯುವ ಮೊದಲೇ ನಿಲ್ಲಿಸಿ, ‘ಮುಂದ ಏನಾತು, ನೀನ ಹೇಳು’ ಎಂದು ಕೇಳಿ. ಮಗು ತಪ್ಪು ಹೇಳಿತೆಂದು ತಿದ್ದಬೇಡಿ. ನಿಮಗೆ ಗೊತ್ತಿಲ್ಲದ ಮುಕ್ತಾಯವನ್ನು ಅದು ಹೇಳಿದ ದಿನ ಒಂದು ಹಾಳೆ ಮತ್ತು ಪೆನ್ನು ಕೊಟ್ಟು, ಬರೆಯುವಷ್ಟು ಹೊತ್ತು ಟೀವಿ ಆರಿಸಿಡಿ.