ಚಿಪ್ಪಿನ ಹೊಳಪು, ಧೂಳಿನ ಪಾಠ

ಕಳೆದ ವರ್ಷ ರಾಜ್ಯೋತ್ಸವದ ವೇದಿಕೆಗೆ ಭುವನೇಶ್ವರಿಯ ಪ್ರಭಾವಳಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಥರ್ಮೋಕೋಲ್, ಬಂಗಾರದ ಕಾಗದ ಪ್ರತಿವರ್ಷ ಇದ್ದದ್ದೇ. ಈ ಸಲ ಬಹರೈನಿನದೇ ಆದ ಏನಾದರೂ ಇರಲಿ ಅನ್ನಿಸಿತು. ಅದೇ ಹೊತ್ತಿಗೆ ಪಕ್ಕದ ಮನೆಯವರು ಪರವಾನಗಿ ಪಡೆದು ಮುತ್ತು ಹುಡುಕಲು ಸಮುದ್ರಕ್ಕೆ ಹೋಗಿದ್ದರು. ಮುತ್ತು ಒಂದೂ ಸಿಗಲಿಲ್ಲ, ಚಿಪ್ಪು ಮಾತ್ರ ಒಂದು ಚೀಲ! "ಅಕ್ಕಾ, ನಿಮಗೇನಾದರೂ ಉಪಯೋಗಕ್ಕೆ ಬರುತ್ತಾ ನೋಡಿ" ಎಂದು ಕೊಟ್ಟು ಹೋದರು.

ಈ ಚಿಪ್ಪಿನ ಮೇಲೆಯೇ ಬಹರೈನ್ ಬದುಕಿದ ಕಾಲವೊಂದಿತ್ತು. ಜಪಾನಿನ ಕೃಷಿಮುತ್ತು ಬಂದು ಆ ವ್ಯಾಪಾರ ಕುಸಿಯಿತು. 1932ರಲ್ಲಿ ಇಲ್ಲಿ ಎಣ್ಣೆ ಸಿಕ್ಕಿತು. ಮುಹರ್ರಕ್‌ನ ಹಳೆಯ ಮುತ್ತಿನ ಹಾದಿಯನ್ನು 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಮಕ್ಕಳನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿ.

ಇನ್ನು ನನ್ನ ಕಥೆ. ನಮ್ಮ ಮನೆಯವರ ಪುಟ್ಟ ಗ್ರೈಂಡರ್ ಹಿಡಿದು ಬಾಲ್ಕನಿಯಲ್ಲಿ ಕೂತೆ. ಒಣ ಚಿಪ್ಪನ್ನೇ ಕೊಯ್ದೆ. ಮೈದಾ ಹಿಟ್ಟಿನಂಥ ಬಿಳಿ ಧೂಳು, ಕೂದಲು ಸುಟ್ಟ ವಾಸನೆ. ಒಂಬತ್ತು ವರ್ಷದ ಮಗಳು ಪಕ್ಕದಲ್ಲೇ ಕೂತು ನೋಡುತ್ತಿದ್ದಳು. ಅವಳಿಗೆ ಮೊದಲೇ ಆಸ್ತಮಾ. ರಾತ್ರಿ ಹನ್ನೊಂದಕ್ಕೆ ಎದೆಯಲ್ಲಿ ಸಿಳ್ಳೆ ಹೊಡೆದಂಥ ಸದ್ದು. ಆಸ್ಪತ್ರೆಯಲ್ಲಿ ನೆಬುಲೈಸರ್ ಹಾಕಿ ಬೆಳಗಿನ ಜಾವ ಕಳಿಸಿದರು. "ಮನೆಯಲ್ಲಿ ಏನಾದರೂ ಧೂಳೆದ್ದಿತ್ತಾ?" ಎಂದು ಡಾಕ್ಟರು ಕೇಳಿದಾಗ ತಲೆ ಎತ್ತಲಾಗಲಿಲ್ಲ.

ಆಮೇಲೆ ಕೂತು ಓದಿದೆ. ಚಿಪ್ಪಿನ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಊರಲ್ಲಿ ಅಜ್ಜಿ ಎಲೆಯಡಿಕೆಗೆ ಹಚ್ಚುತ್ತಿದ್ದ ಸುಣ್ಣವೂ ಚಿಪ್ಪು ಸುಟ್ಟು ಮಾಡಿದ್ದೇ. ಆದರೆ ಪದರಗಳ ನಡುವೆ ಪ್ರೋಟೀನ್ ಇರುತ್ತದೆ. ಕೂದಲು ಸುಟ್ಟ ವಾಸನೆ ಅದರದ್ದು. ನುಣುಪು ಧೂಳು ಶ್ವಾಸಕೋಶಕ್ಕೆ ಇಳಿದರೆ ಉರಿ, ಕೆಲವರಿಗೆ ಅಲರ್ಜಿ. 19ನೆಯ ಶತಮಾನದಲ್ಲಿ ವಿಯೆನ್ನಾದಲ್ಲಿ ಚಿಪ್ಪಿನ ಗುಂಡಿ ಮಾಡುತ್ತಿದ್ದ ಎಳೆಯ ಕೆಲಸಗಾರರಲ್ಲಿ ಮೂಳೆಯ ಉರಿಯೂತವನ್ನೂ ವೈದ್ಯರು ಗುರುತಿಸಿದ್ದರು.

ಉಪಾಯ ಒಂದೇ: ನೀರು. ಚಿಪ್ಪು ಸದಾ ಒದ್ದೆಯಾಗಿರಬೇಕು. ಕರೆಂಟಿನ ಯಂತ್ರಕ್ಕೂ ನೀರಿಗೂ ಆಗಿಬರುವುದಿಲ್ಲವಾದ್ದರಿಂದ ನಾನು ಗ್ರೈಂಡರನ್ನು ಕಪಾಟಿನಲ್ಲಿಟ್ಟು, ಅಕ್ಕಸಾಲಿಗರು ಬಳಸುವ ತೆಳು ಕೈಗರಗಸ ತಂದೆ. ಮೇಜಿನ ಅಂಚಿಗೆ ಬಿಗಿದ ಮರದ ಹಲಗೆಯ ಮೇಲೆ ಚಿಪ್ಪಿಟ್ಟು, ಹನಿ ಹನಿ ನೀರು ಹಾಕುತ್ತಾ ನಿಧಾನ ಕೊಯ್ಯುವುದು. ಅವಸರ ಮಾಡಿದರೆ ಗರಗಸವೂ ಮುರಿಯುತ್ತದೆ, ಪದರವೂ ಏಳುತ್ತದೆ. ಕಣ್ಣಿಗೆ ಕನ್ನಡಕ ಬೇಕು, ಚೂರಿನ ಅಂಚು ಗಾಜಿನಷ್ಟೇ ಹರಿತ. ಒದ್ದೆ ಕೆಲಸವಾದರೂ ಎನ್-95 ಮುಖಗವಸು ಇರಲಿ. ಬಟ್ಟೆಯ ಮಾಸ್ಕ್ ಸಾಲದು.

ಹೊಳಪಿಗೆ ನೀರಿನಲ್ಲಿ ತಿಕ್ಕುವ ಕಪ್ಪು ಉಪ್ಪುಕಾಗದ: 220ರಿಂದ ಶುರುಮಾಡಿ 400, 600, 1000, ಕೊನೆಗೆ 2000. ಹಿಂದಿನ ನಂಬರಿನ ಗೀರು ಪೂರ್ತಿ ಹೋಗುವವರೆಗೂ ಮುಂದಿನದಕ್ಕೆ ಹೋಗಬೇಡಿ, ಇಲ್ಲೇ ಎಲ್ಲರೂ ಸೋಲುವುದು. ಆಮೇಲೆ ಮೆತ್ತನೆ ಬಟ್ಟೆಗೆ ಲೋಹದ ಪಾಲಿಶ್ ಹಚ್ಚಿ ಉಜ್ಜಿದರೆ ಗುಲಾಬಿ, ಹಸಿರು ಬಣ್ಣ ಮೇಲೇಳುತ್ತದೆ. ವಿನಿಗರ್, ಆಸಿಡ್ ಹಾಕಿದರೆ ಬೇಗ ಆಗುತ್ತದೆನ್ನುವವರಿದ್ದಾರೆ. ಅದು ಚಿಪ್ಪನ್ನೇ ಕರಗಿಸಿ ಹೊಳಪು ತಿನ್ನುತ್ತದೆ. ಬ್ಲೀಚಿನಲ್ಲಿ ತೊಳೆದರೆ ಅದರ ಹತ್ತಿರ ಆಸಿಡ್, ವಿನಿಗರ್ ಸುಳಿಯಲೇಬಾರದು. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ.

ಮುಗಿದ ಮೇಲೆ ಪೊರಕೆ ಮುಟ್ಟಬೇಡಿ! ಕೆಸರು ಒಣಗುವ ಮೊದಲೇ ಒದ್ದೆ ಬಟ್ಟೆಯಲ್ಲಿ ಒರೆಸಿ ಚೀಲಕ್ಕೆ ಹಾಕಿ, ಬಟ್ಟೆ ಬದಲಿಸಿ ಒಳಗೆ ಬನ್ನಿ. ಊರಿಗೆ ಚಿಪ್ಪು ಒಯ್ಯುವವರಿಗೆ ಇನ್ನೊಂದು ಮಾತು: ನಾಟಿಲಸ್, ರಾಕ್ಷಸ ಗಾತ್ರದ ಕ್ಲ್ಯಾಮ್ ಚಿಪ್ಪುಗಳಿಗೆ ಕಾನೂನಿನ ರಕ್ಷಣೆಯಿದೆ, ಸೂಟ್‌ಕೇಸಿಗೆ ಹಾಕಬೇಡಿ.

ಪ್ರಭಾವಳಿಗೆ ಮೂರು ವಾರ ಹಿಡಿಯಿತು. ತೊಳೆದು ಒಣಗಿಸಿದ ಚೂರುಗಳನ್ನು ಬಣ್ಣ ನೋಡಿ ಜೋಡಿಸಿದ್ದು ಮಗಳು. ಕೊಯ್ಯುವಾಗ ಅವಳು ಅಪ್ಪನ ಜೊತೆ ಪಾರ್ಕಿನಲ್ಲಿರುತ್ತಿದ್ದಳು. ಮೇಲಿನ ಕೀರ್ತಿಮುಖದ ಎಡಗಣ್ಣು ಬಲಗಣ್ಣಿಗಿಂತ ಸ್ವಲ್ಪ ದೊಡ್ಡದಾಗಿದೆ, ಅದು ಅವಳದೇ ಆಯ್ಕೆ. ಈ ಸಲವೂ ವೇದಿಕೆಯಲ್ಲಿರುತ್ತದೆ, ಹತ್ತಿರ ಹೋಗಿ ನೋಡಿ. ಕೈಗರಗಸ, ಉಳಿದ ಕಾಗದ ನಮ್ಮ ಮನೆಯಲ್ಲಿವೆ, ಬೇಕಾದವರು ಕೇಳಿ ತೆಗೆದುಕೊಂಡು ಹೋಗಬಹುದು.