ಎರಡನೆಯ ದಿನ ಬೆಳಿಗ್ಗೆ, ಸೀಟಿನ ಮೇಲೆ

ಶಿವರಾತ್ರಿಗೆ ಮುಂಚೆ ಬೆಂಗಳೂರಿನ ಕಡೆಯಿಂದ ಧರ್ಮಸ್ಥಳಕ್ಕೆ ನಡೆದು ಹೋಗುವವರನ್ನು, ಯುಗಾದಿಯ ಹೊತ್ತಿಗೆ ಉತ್ತರ ಕರ್ನಾಟಕದಿಂದ ಶ್ರೀಶೈಲಕ್ಕೆ ಕಂಬಿ ಹೊತ್ತು ಹೊರಡುವವರನ್ನು ‘ಬಸ್ಸಿದೆಯಲ್ಲ, ನಡೆಯುವುದೇಕೆ?’ ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ದಾರಿಯ ಊರಿನವರು ಮಜ್ಜಿಗೆ, ಪಾನಕ, ಬಿಸಿ ಅನ್ನ ಇಟ್ಟುಕೊಂಡು ಕಾಯುತ್ತಿರುತ್ತಾರೆ. ಆದರೆ ಕ್ಯಾನ್ಸರ್ ಆಸ್ಪತ್ರೆಗೋ ಬಡಮಕ್ಕಳ ಓದಿಗೋ ಹಣ ಕೂಡಿಸಲು ಎರಡು ದಿನ, ಮುನ್ನೂರು ಕಿಲೋಮೀಟರ್ ಸೈಕಲ್ ತುಳಿಯುತ್ತೇನೆಂದು ಒಬ್ಬರು ಹೊರಟರೆ ಎಲ್ಲರ ಬಾಯಲ್ಲೂ ಅದೇ ಪ್ರಶ್ನೆ: ಆ ಹಣವನ್ನು ನೇರವಾಗಿ ಕೊಟ್ಟುಬಿಡಬಹುದಲ್ಲ, ನಡುವೆ ಸೈಕಲ್ ಏಕೆ? ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಸವಾರಿಗೆ ಮೊದಲಿನ ಮೂರು ನಾಲ್ಕು ತಿಂಗಳ ತಯಾರಿಯಲ್ಲಿದೆ ಎಂಬುದು ನನ್ನ ವಾದ. ದೇಣಿಗೆ ಕೊಡುವವರು ಬೆಲೆ ಕಟ್ಟುವುದು ಆ ಶ್ರಮಕ್ಕೆ. ತಯಾರಿಯಿಲ್ಲದೆ ಹೊರಟ ಸವಾರ ಯಾರ ಹೆಸರಿನಲ್ಲಿ ಹೊರಟನೋ ಅವರಿಗೇ ಹೊರೆಯಾಗುತ್ತಾನೆ.

ಸಹಾಯಾರ್ಥ ಸೈಕಲ್ ಸವಾರಿ ದೊಡ್ಡದಾಗಿ ಬೆಳೆದದ್ದು ಅಮೆರಿಕದಲ್ಲಿ. ತಾಯಿಯನ್ನು ಕ್ಯಾನ್ಸರಿಗೆ ಕಳೆದುಕೊಂಡಿದ್ದ ಬಿಲ್ಲಿ ಸ್ಟಾರ್ 1980ರಲ್ಲಿ ಮೂವತ್ತಾರು ಸವಾರರನ್ನು ಕಟ್ಟಿಕೊಂಡು ಮ್ಯಾಸಚೂಸೆಟ್ಸ್ ರಾಜ್ಯವನ್ನು ಸೈಕಲ್ಲಿನಲ್ಲಿ ದಾಟಿ ಕೂಡಿಸಿದ ಹಣ 10,200 ಡಾಲರ್. ಅದೇ ‘ಪ್ಯಾನ್-ಮ್ಯಾಸ್ ಚಾಲೆಂಜ್’ ಇಂದು ಸಾವಿರಾರು ಜನ ತುಳಿಯುವ ಸವಾರಿ. ಬಾಸ್ಟನ್ನಿನ ಡಾನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆಗೆ ಅದು ಇದುವರೆಗೆ ಕೂಡಿಸಿ ಕೊಟ್ಟದ್ದು ನೂರು ಕೋಟಿ ಡಾಲರಿಗೂ ಮೇಲೆ. ಅಷ್ಟು ಜನ ಸುಮ್ಮನೆ ಮನೆಮನೆಗೆ ಹೋಗಿ ಕೈಚಾಚಿದ್ದರೆ ಅಷ್ಟು ಹಣ ಬರುತ್ತಿತ್ತೇ? ಮನಶ್ಶಾಸ್ತ್ರಜ್ಞರಾದ ಕ್ರಿಸ್ಟೊಫರ್ ಒಲಿವೋಲ ಮತ್ತು ಎಲ್ಡಾರ್ ಶಫೀರ್ 2013ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯವನ್ನೇ ಕೆದಕಿ ನೋಡಿತು. ಹಣ ಕೂಡಿಸುವ ದಾರಿ ಆರಾಮದ್ದಾಗಿರುವುದಕ್ಕಿಂತ ಕಷ್ಟದ್ದಾಗಿದ್ದಾಗ ಜನ ಹೆಚ್ಚು ಕೊಡಲು ಸಿದ್ಧರಾಗುತ್ತಾರೆ ಎಂಬುದು ಅವರಿಗೆ ಸಿಕ್ಕ ಉತ್ತರ. ಉದ್ದೇಶ ಮನುಷ್ಯರ ನೋವಿಗೆ ಸಂಬಂಧಿಸಿದ್ದಾದರೆ ಈ ಒಲವು ಇನ್ನೂ ಜೋರು. ಹರಕೆ, ಉರುಳುಸೇವೆಗಳ ನಾಡಿನವರಿಗೆ ಇದನ್ನು ಪ್ರಯೋಗ ಮಾಡಿ ತೋರಿಸಬೇಕಾಗಿರಲಿಲ್ಲ, ಆ ಮಾತು ಬೇರೆ.

ಇದಕ್ಕೊಂದು ಗಟ್ಟಿಯಾದ ಆಕ್ಷೇಪವಿದೆ. ಸವಾರಿ ನಡೆಸಲು ಆಂಬ್ಯುಲೆನ್ಸು, ಊಟ, ಡೇರೆ, ಲಾರಿ, ಪೊಲೀಸು ಎಲ್ಲ ಬೇಕು. ಬಂದ ದೇಣಿಗೆಯಲ್ಲಿ ಒಂದು ಪಾಲು ಅದಕ್ಕೇ ಹೋದರೆ ರೋಗಿಗೆ ಸೇರುವುದೆಷ್ಟು? ಇದು ಬರಿಯ ಅನುಮಾನವಲ್ಲ. ಕ್ಯಾಲಿಫೋರ್ನಿಯಾದಲ್ಲಿ 1994ರಲ್ಲಿ ಡ್ಯಾನ್ ಪಲೋಟಾ ಆರಂಭಿಸಿದ ಏಡ್ಸ್ ಸವಾರಿ ಅಪಾರ ಹಣ ತಂದಿತು, ಖರ್ಚಿನ ವಿಷಯಕ್ಕೆ ಅಷ್ಟೇ ಟೀಕೆಯನ್ನೂ ತಂದಿತು. ಕೊನೆಗೆ ಫಲಾನುಭವಿ ಸಂಸ್ಥೆಗಳು 2002ರಲ್ಲಿ ‘ಏಡ್ಸ್/ಲೈಫ್‌ಸೈಕಲ್’ ಎಂಬ ತಮ್ಮದೇ ಸವಾರಿಯನ್ನು ಹೊರಡಿಸಿದವು: ಸ್ಯಾನ್‌ಫ್ರಾನ್ಸಿಸ್ಕೊದಿಂದ ಲಾಸ್ ಏಂಜಲೀಸಿಗೆ ಏಳು ದಿನ, 545 ಮೈಲಿ, ನಮ್ಮ ಲೆಕ್ಕದಲ್ಲಿ ಸುಮಾರು 877 ಕಿಲೋಮೀಟರ್. ಅದೂ ಏರುತ್ತಿದ್ದ ಖರ್ಚು, ಇಳಿಯುತ್ತಿದ್ದ ಸವಾರರ ಸಂಖ್ಯೆಯ ನಡುವೆ ಸಿಕ್ಕಿ 2025ರ ಜೂನಿನಲ್ಲಿ ಕೊನೆಯ ಬಾರಿ ನಡೆಯಿತು. ಪ್ಯಾನ್-ಮ್ಯಾಸ್ ಇದಕ್ಕೆ ಬೇರೆ ದಾರಿ ಹುಡುಕಿಕೊಂಡಿದೆ. ಸವಾರರು ತಂದ ಹಣವೆಲ್ಲ ಸಂಸ್ಥೆಗೆ ಹೋಗುತ್ತದೆ. ನಡೆಸುವ ಖರ್ಚು ಪ್ರಾಯೋಜಕರಿಂದ, ನೋಂದಣಿ ಶುಲ್ಕದಿಂದ ಹುಟ್ಟುತ್ತದೆ. ಪ್ರತಿ ಸವಾರನೂ ಇಷ್ಟು ಕೂಡಿಸಿಯೇ ಕೂಡಿಸುತ್ತೇನೆಂದು ಮೊದಲೇ ಒಪ್ಪಿಕೊಂಡಿರಬೇಕು, ಕಡಿಮೆ ಬಿದ್ದದ್ದನ್ನು ಕೈಯಿಂದ ತುಂಬಬೇಕು. ಆದ್ದರಿಂದ ತಯಾರಿಯ ಮೊದಲ ಕೆಲಸ ಸೈಕಲ್ ಕೊಳ್ಳುವುದಲ್ಲ, ಈ ಲೆಕ್ಕ ಕೇಳುವುದು. ಲೆಕ್ಕ ಕೊಡಲು ಹಿಂಜರಿಯುವ ಸಂಘಟಕರಿಗಾಗಿ ಬೆವರು ಸುರಿಸಬೇಕಾಗಿಲ್ಲ.

ಇನ್ನು ಮೈಯ ವಿಷಯ. ಇಲ್ಲಿ ಎಲ್ಲರೂ ಯೋಚಿಸುವುದು ಮೊದಲ ದಿನವನ್ನು. ಉತ್ಸಾಹ, ಸ್ನೇಹಿತರ ಗುಂಪು, ರಸ್ತೆಬದಿಯ ಚಪ್ಪಾಳೆ ಇವೆಲ್ಲ ಸೇರಿ ಮೊದಲ ನೂರು ಕಿಲೋಮೀಟರನ್ನು ಹೇಗೋ ದಾಟಿಸುತ್ತವೆ. ಹಲವು ದಿನಗಳ ಸವಾರಿ ನಿಜವಾಗಿ ಶುರುವಾಗುವುದು ಎರಡನೆಯ ದಿನ ಬೆಳಿಗ್ಗೆ, ನೋಯುವ ಕುಂಡೆಯನ್ನು ಮತ್ತೆ ಅದೇ ಸೀಟಿನ ಮೇಲೆ ಇಟ್ಟಾಗ. ಕಾರಣ ಸರಳ. ನಮ್ಮ ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೊಜೆನ್ ರೂಪದಲ್ಲಿ ಇರುವ ಸಕ್ಕರೆಯ ದಾಸ್ತಾನು ಸುಮಾರು ನಾನೂರು ಐನೂರು ಗ್ರಾಂ ಮಾತ್ರ. ಜೋರಾಗಿ ತುಳಿದರೆ ಎರಡು ಗಂಟೆ ಆಸುಪಾಸಿನಲ್ಲೇ ಅದು ತಳ ಕಾಣತೊಡಗುತ್ತದೆ. ಚೆನ್ನಾಗಿ ಉಂಡರೂ ಮತ್ತೆ ತುಂಬಲು ಒಂದು ಹಗಲು ಒಂದು ರಾತ್ರಿ ಹಿಡಿಯುತ್ತದೆ. ಹೀಗಾಗಿ ವಾರಕ್ಕೊಮ್ಮೆ ಭಾನುವಾರ ಮಾತ್ರ ದೂರ ತುಳಿದು ಆರು ದಿನ ಸುಮ್ಮನಿರುವ ಅಭ್ಯಾಸ ಒಂದು ದಿನದ ಸವಾರಿಗೆ ಸಾಕು, ಎರಡು ದಿನದ್ದಕ್ಕೆ ಸಾಲದು. ಶನಿವಾರ, ಭಾನುವಾರ ಬೆನ್ನಿಗೆ ಬೆನ್ನು ತುಳಿಯಬೇಕು. ಮೂವತ್ತು ಕಿಲೋಮೀಟರಿನಿಂದ ಆರಂಭಿಸಿ ವಾರವಾರವೂ ಸ್ವಲ್ಪ ಸ್ವಲ್ಪ ಏರಿಸುತ್ತ, ನಡುನಡುವೆ ಒಂದು ಹಗುರ ವಾರ ಬಿಟ್ಟು, ಕೊನೆಗೆ ಶನಿವಾರ ನೂರು, ಭಾನುವಾರ ಎಪ್ಪತ್ತೆಂಬತ್ತಕ್ಕೆ ಮುಟ್ಟಿದರೆ ಮುನ್ನೂರರ ಸವಾರಿಗೆ ಮೈ ಸಿದ್ಧವಾಯಿತೆಂದು ತಿಳಿಯಬಹುದು. ವೇಗದ ಚಿಂತೆ ಬೇಡ. ದೂರ ಸವಾರರ ‘ಬ್ರೆವೆ’ ಎಂಬ ಕಾಲಮಿತಿಯ ಸವಾರಿಗಳಲ್ಲಿ 200 ಕಿಲೋಮೀಟರಿಗೆ ಕೊಡುವ ಸಮಯ ಹದಿಮೂರೂವರೆ ಗಂಟೆ. ಅಂದರೆ ನಿಲ್ಲುವುದು, ತಿನ್ನುವುದು, ಪಂಕ್ಚರ್ ಹಾಕುವುದು ಎಲ್ಲ ಸೇರಿ ಗಂಟೆಗೆ ಹದಿನೈದೂ ಇಲ್ಲ.

ತಿನ್ನುವುದನ್ನೂ ಅಭ್ಯಾಸ ಮಾಡಬೇಕೆಂದರೆ ನಗುವವರಿದ್ದಾರೆ. ಆದರೆ ಬರಿದಾದ ದಾಸ್ತಾನಿಗೆ ದಾರಿಯಲ್ಲೇ ಸುರಿಯುತ್ತ ಹೋಗದಿದ್ದರೆ ತರಬೇತಾದ ಕಾಲೂ ಸೋಲುತ್ತದೆ. ಗಂಟೆಗೆ ಮೂವತ್ತರಿಂದ ಅರವತ್ತು ಗ್ರಾಂ ಪಿಷ್ಟ ಅಥವಾ ಸಕ್ಕರೆ ಎಂಬುದು ಕ್ರೀಡಾ ಆಹಾರ ತಜ್ಞರ ಬಹುಕಾಲದ ಸಲಹೆ. ಒಂದೆರಡು ಬಾಳೆಹಣ್ಣು, ಜೊತೆಗೆ ಒಂದು ತುಂಡು ಕಡಲೆ ಚಿಕ್ಕಿ ಎಂದರೆ ಹೆಚ್ಚುಕಡಿಮೆ ಅಷ್ಟೇ. ವಿದೇಶಿ ಜೆಲ್ ಪೊಟ್ಟಣಕ್ಕೆ ದುಡ್ಡು ಸುರಿಯಬೇಕಾಗಿಲ್ಲ. ಹಸಿವಾಗುವವರೆಗೆ ಕಾದರೆ ಕೆಟ್ಟಿತು. ನೀರಿನದು ಇದಕ್ಕಿಂತ ಸೂಕ್ಷ್ಮ. ‘ಎಷ್ಟು ಕುಡಿದರೂ ಒಳ್ಳೆಯದೇ’ ಎಂಬ ಮಾತು ಸುಳ್ಳು. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ನೂರಕ್ಕೆ ಹದಿಮೂರು ಮಂದಿಯಲ್ಲಿ ಸೋಡಿಯಂ ಅಪಾಯದ ಕಡೆಗೆ ಇಳಿದಿತ್ತು. ಹೆಚ್ಚಾಗಿ ಇದಕ್ಕೆ ಸಿಕ್ಕವರು ನಿಧಾನ ಓಟಗಾರರು, ಕುಡಿದು ಕುಡಿದು ಓಟದ ಕೊನೆಗೆ ತೂಕ ಏರಿಸಿಕೊಂಡವರು. ಸಹಾಯಾರ್ಥ ಸವಾರಿಯಲ್ಲಿ ಇರುವವರೂ ಬಹುಪಾಲು ನಿಧಾನದವರೇ. ಬಾಯಾರಿದಾಗ ಕುಡಿಯಿರಿ, ಬರಿಯ ನೀರಿನ ನಡುವೆ ಉಪ್ಪು ಹಾಕಿದ ಮಜ್ಜಿಗೆಯೋ ನಿಂಬೆಹಣ್ಣಿನ ಪಾನಕವೋ ಇರಲಿ. ಬಿಸಿಲಿಗೆ ಮೈ ಒಗ್ಗಲು ಹತ್ತು ಹದಿನಾಲ್ಕು ದಿನ ಬೇಕು, ಎ.ಸಿ. ಕೋಣೆಯಲ್ಲಿ ನಿಂತ ಸೈಕಲ್ ತುಳಿದವರಿಗೆ ಇದು ತಿಳಿಯುವುದು ರಾಯಚೂರಿನಂಥ ಊರಿನ ರಸ್ತೆಗೆ ಬಿದ್ದ ಮೇಲೆ.

‘ಒಳ್ಳೆಯ ಸೈಕಲ್ ಇದ್ದರೆ ಸಾಕು’ ಎನ್ನುವುದೂ ಒಂದು ನಂಬಿಕೆ. ಲಕ್ಷ ರೂಪಾಯಿಯ ಸೈಕಲ್ಲಿಗೂ ಸೀಟು ಒಂದಿಂಚು ತಗ್ಗಿದ್ದರೆ ಸವಾರನ ಮೊಣಕಾಲಿನ ಮುಂಭಾಗ ಹಿಡಿದುಕೊಳ್ಳುತ್ತದೆ. ಗೋಡೆಗೆ ಒರಗಿ ಸೀಟಿನ ಮೇಲೆ ಕುಳಿತು ಹಿಮ್ಮಡಿಯನ್ನು ಕೆಳಗಿನ ಪೆಡಲ್ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕು. ಆಮೇಲೆ ಪಾದದ ಮುಂಭಾಗದಿಂದ ತುಳಿಯುವಾಗ ಮೊಣಕಾಲು ತುಸುವೇ ಬಾಗಿರುತ್ತದೆ. ಇಷ್ಟು ಸಾಕು, ಹೆಚ್ಚಿನದು ಬೇಕಾದರೆ ಅಂಗಡಿಯವರು ಅಳತೆ ತೆಗೆದು ಕೂರಿಸಿಕೊಡುತ್ತಾರೆ. ಹತ್ತಿ ಒಳ ಉಡುಪಿನ ಹೊಲಿಗೆ ನೂರು ಕಿಲೋಮೀಟರಿಗೆ ಚರ್ಮವನ್ನು ಗಾಯಮಾಡುತ್ತದೆ, ಆದ್ದರಿಂದ ಮೆತ್ತೆಯಿರುವ ಸೈಕಲ್ ಚಡ್ಡಿಯೊಂದೇ ಸಾಕು, ಅದರೊಳಗೆ ಇನ್ನೇನೂ ಬೇಡ. ಇಂಥ ಸಣ್ಣ ಸಂಗತಿಗಳೇ ಸವಾರನನ್ನು ಹಿಂದೆ ಬರುವ ಸಹಾಯದ ವ್ಯಾನಿಗೆ ಹತ್ತಿಸುವುದು. ಹೊಸ ಸೀಟು, ಹೊಸ ಬೂಟು ಸವಾರಿಯ ದಿನ ಬೇಡವೇ ಬೇಡ. ಟ್ಯೂಬು ಬದಲಿಸುವುದು, ಜಾರಿದ ಚೈನ್ ಕೂರಿಸುವುದು ಕೈಗೆ ಬಂದಿರಬೇಕು. ನಮ್ಮ ಹೆದ್ದಾರಿಗಳಲ್ಲಿ ಹೆಲ್ಮೆಟ್ಟಿನಷ್ಟೇ ಮುಖ್ಯವಾದದ್ದು ಹಿಂದಿನ ಕೆಂಪು ದೀಪ. ದಾರಿಯಲ್ಲಿ ಘಾಟಿಯಿದ್ದರೆ ಘಾಟಿಯಲ್ಲೇ ಅಭ್ಯಾಸವಾಗಬೇಕು. 2008ರಲ್ಲಿ ಶುರುವಾದ ಟೂರ್ ಆಫ್ ನೀಲಗಿರೀಸ್‌ನ ಸವಾರರು ಹೆದರುವ ಮಸಿನಗುಡಿ–ಊಟಿ ನಡುವಿನ ಕಲ್ಹಟ್ಟಿ ಘಾಟಿಗೆ ಮೂವತ್ತಾರು ತಿರುವು. ಬಯಲುಸೀಮೆಯ ಚಪ್ಪಟೆ ರಸ್ತೆಯಲ್ಲಿ ಎಷ್ಟು ತುಳಿದರೂ ಅದರ ಅಂದಾಜು ಸಿಗುವುದಿಲ್ಲ.

ಕೊನೆಯ ಆಕ್ಷೇಪ: ಇದೆಲ್ಲ ಕ್ರೀಡಾಪಟುಗಳ ಮಾತಾಯಿತು, ಒಳ್ಳೆಯ ಮನಸ್ಸಿನಿಂದ ಹೊರಟ ಸಾಮಾನ್ಯನಿಗೆ ಇಷ್ಟು ಕಟ್ಟುನಿಟ್ಟೇಕೆ, ಆಗದಿದ್ದರೆ ವ್ಯಾನ್ ಹತ್ತಿದರಾಯಿತು. ಹತ್ತಬಾರದೆಂದಲ್ಲ, ಮೈಗೆ ಆಗದಾಗ ಹತ್ತಲೇಬೇಕು. ಆದರೆ ಆ ವ್ಯಾನಿನ ಡೀಸೆಲ್ಲು, ಅದರಲ್ಲಿ ಕುಳಿತ ವೈದ್ಯರ ಹೊತ್ತು ಯಾರದ್ದೋ ದಾನವೇ. ಮೇಲಾಗಿ ‘ನಾನು ತುಳಿಯುತ್ತೇನೆ, ನೀವು ಕೊಡಿ’ ಎಂದು ನೂರು ಮನೆಗೆ ಹೇಳಿ ಬಂದವನು ಒಂದು ಮಾತು ಕೊಟ್ಟಿದ್ದಾನೆ. ಕ್ರೀಡಾಪಟು ಸೋತರೆ ಪದಕ ಹೋಗುತ್ತದೆ, ಇವನು ಬೇಕೆಂದೇ ಅಸಡ್ಡೆ ಮಾಡಿ ಸೋತರೆ ಮುಂದಿನ ವರ್ಷ ಕೇಳಲು ಹೋಗುವವನಿಗೆ ಬಾಗಿಲು ತೆರೆಯುವುದಿಲ್ಲ. ದೇಣಿಗೆ ಕೇಳುವ ಕೆಲಸವೂ ಅಭ್ಯಾಸದ ಜೊತೆಗೇ ಮೊದಲಾಗಬೇಕು. ಈ ವಾರ ಇಷ್ಟು ತುಳಿದೆ ಎಂದು ಒಂದು ಸಾಲು ತಿಳಿಸುತ್ತ ಹೋದರೆ ಕೊಡುವವರಿಗೂ ತಮ್ಮ ಹಣ ಎಲ್ಲಿ ದುಡಿಯುತ್ತಿದೆಯೆಂದು ಕಾಣುತ್ತದೆ.

ಸವಾರಿಗೆ ಎರಡು ವಾರ ಇರುವಾಗ ದೂರವನ್ನು ಅರ್ಧಕ್ಕೆ ಇಳಿಸಿ, ತುಳಿಯುವ ಬಿರುಸನ್ನು ಮಾತ್ರ ಇಳಿಸಬೇಡಿ. ದಣಿದ ಸ್ನಾಯು ಚೇತರಿಸಿಕೊಳ್ಳಲು ಅದೇ ಸರಿಯಾದ ಕ್ರಮವೆಂದು ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದವರು ಹೇಳಿದ್ದಾರೆ. ನಮ್ಮ ಕಡೆ ಇಂಥ ಸವಾರಿಗೆ ಹದವಾದ ಕಾಲ ಮಳೆ ಕಳೆದ ಮೇಲಿನದು. ನವೆಂಬರಿಗೆ ಹೆಸರು ಬರೆಸಿದವರು ಜುಲೈ ತಿಂಗಳಲ್ಲೇ ಸೀಟಿನ ಎತ್ತರ ಸರಿಮಾಡಿಕೊಳ್ಳಿ. ನಲವತ್ತು ದಾಟಿದವರು, ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ಅದಕ್ಕೂ ಮೊದಲು ಒಮ್ಮೆ ವೈದ್ಯರನ್ನು ಕಂಡು ಬನ್ನಿ.